ದಾಸವಾಳದ ಕಡ್ಡಿಗೆ ಟಾನಿಕ್ ಬೇಕಾ? ಕಡ್ಡಿ ಕತ್ತರಿಸುವುದರಿಂದ ಬೇರು ಎಣಿಸುವವರೆಗೆ

ಮಳೆಗಾಲ ಶುರುವಾದರೆ ಸಾಕು, ಒಂದೇ ದೂರು ನೂರು ಬಾಯಲ್ಲಿ ಕೇಳಿಸುತ್ತದೆ. "ಕಡ್ಡಿ ನೆಟ್ಟೆ. ಹದಿನೈದು ದಿನಕ್ಕೆ ಚೆನ್ನಾಗಿ ಚಿಗುರಿತು. ತಿಂಗಳಾಗುವಷ್ಟರಲ್ಲಿ ಕಪ್ಪಾಗಿ ಸತ್ತೇ ಹೋಯಿತು. ಈಗ ಯಾವ ಟಾನಿಕ್ ಹಾಕಲಿ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇರಿಲ್ಲದ ಕಡ್ಡಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಬೇರು ಬರಿಸುವ ಹಾರ್ಮೋನ್ ಒಂದೇ. ಅದೂ ಎಲ್ಲ ಗಿಡಕ್ಕಲ್ಲ. ಉಳಿದ ಟಾನಿಕ್, ಕಷಾಯ, ಗೊಬ್ಬರ ಎಲ್ಲ ಬೇರು ಬಂದ ಮೇಲಿನ ಮಾತು. ಬಾಯಿಯೇ ಇಲ್ಲದವರ ಮುಂದೆ ಎಲೆ ಹಾಸಿ ಊಟ ಬಡಿಸಿದರೆ ಏನು ಬಂತು, ಅಲ್ವಾ?

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಜಾಸ್ತಿ ಜನ ಸೋಲುವುದು ಕ್ರಮ ತಪ್ಪಿ. ಕಡ್ಡಿ ಕತ್ತರಿಸಿ ಕೈಯಲ್ಲಿ ಹಿಡಿದುಕೊಂಡ ಮೇಲೆ ಮಣ್ಣು ಹುಡುಕಲು ಹೋಗುತ್ತಾರೆ.

ಹಂತ 1: ನಿಮ್ಮ ಗಿಡ ಯಾವ ಗುಂಪಿನದು?

ದೊಡ್ಡಪತ್ರೆ, ಪುದೀನ, ಮನಿ ಪ್ಲಾಂಟ್, ನುಗ್ಗೆ ಇವಕ್ಕೆ ಏನೂ ಬೇಡ. ಇವು ನೆಟ್ಟರೆ ಬರುತ್ತವೆ. ಇವಕ್ಕೆ ಹಾರ್ಮೋನ್ ಹಚ್ಚುವುದು ದುಡ್ಡು ದಂಡ. ಮೇಲಾಗಿ ಅಂಗಡಿಯ ಹಾರ್ಮೋನ್ ಪುಡಿ ಬಾಯಿಗೆ ಹೋಗುವ ಸೊಪ್ಪಿಗೆ ಮಾಡಿದ್ದಲ್ಲ.

ದಾಸವಾಳ, ಕ್ರೋಟನ್, ನಂದಿಬಟ್ಟಲು, ಮಲ್ಲಿಗೆ ನಡುವಿನ ಗುಂಪು. ಸರಿಯಾದ ಕಾಲ, ಸರಿಯಾದ ಕಡ್ಡಿ ಸಿಕ್ಕರೆ ಸಾದಾ ನೆಟ್ಟರೂ ಬರುತ್ತವೆ. ಹಾರ್ಮೋನ್ ಹಚ್ಚಿದರೆ ಬೇರು ಬೇಗ ಬರಬಹುದು, ಸಂಖ್ಯೆಯೂ ಜಾಸ್ತಿ ಆಗಬಹುದು.

ಬೋಗನ್‌ವಿಲ್ಲಾ, ಗುಲಾಬಿಯಂಥ ಗಟ್ಟಿ ಕಡ್ಡಿಯವು ಮೂರನೆಯ ಗುಂಪು. ಪುಡಿಯ ಬೆಲೆ ಗೊತ್ತಾಗುವುದು ಇಲ್ಲೇ. ಗುಲಾಬಿಯಲ್ಲೂ ಪನ್ನೀರು ಗುಲಾಬಿ, ಬಟನ್ ರೋಸ್ ಸುಲಭ. ನರ್ಸರಿಯ ದೊಡ್ಡ ಹೂವಿನ ಹೈಬ್ರಿಡ್ ಗುಲಾಬಿಗಳು ಸಾಮಾನ್ಯವಾಗಿ ಬೇರೆ ಗುಲಾಬಿಯ ಬೇರಿನ ಮೇಲೆ ಕಣ್ಣು ಕಸಿ ಮಾಡಿದವು. ಅವುಗಳ ಕಡ್ಡಿ ನೆಟ್ಟು ಸೋತರೆ ಬೇಜಾರು ಬೇಡ. ಅವನ್ನು ಕಸಿ ಮಾಡುವುದಕ್ಕೆ ಒಂದು ಕಾರಣ ಅದೇ.

ಹಂತ 2: ಸಾಮಾನು ಮೊದಲು ಜೋಡಿಸಿಕೊಳ್ಳಿ

ಹರಿತವಾದ ಕತ್ತರಿ ಅಥವಾ ಹೊಸ ಬ್ಲೇಡ್. ಒರೆಸಲು ಸ್ಪಿರಿಟ್. ತಳದಲ್ಲಿ ತೂತಿರುವ ಸಣ್ಣ ಕುಂಡಗಳು. ಹಳೆ ಮೊಸರಿನ ಡಬ್ಬಿಗೆ ತೂತು ಕೊರೆದರೂ ಆಯಿತು. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು. ಪೆನ್ಸಿಲ್ ಗಾತ್ರದ ಒಂದು ಕೋಲು. ಐಸ್‌ಕ್ರೀಂ ಕಡ್ಡಿ, ಅಳಿಸದ ಮಾರ್ಕರ್ ಪೆನ್ನು. ಮುಚ್ಚಲು ತಳ ಕತ್ತರಿಸಿದ 2 ಲೀಟರ್ ನೀರಿನ ಬಾಟಲಿ. ಕೈಗವಸು. ಬೇಕಿದ್ದರೆ ಹಾರ್ಮೋನ್ ಪುಡಿ.

ಪುಡಿ ಕೊಳ್ಳುವಾಗ ಲೇಬಲ್ ಹಿಂದೆ ತಿರುಗಿಸಿ ಓದಿ. ಬೇರು ಬರಿಸುವ ಹಾರ್ಮೋನ್‌ಗಳಾದ ಐಬಿಎ ಅಥವಾ ಎನ್‌ಎಎ ಹೆಸರು, ಅದರ ಶೇಕಡಾ ಪ್ರಮಾಣ, ತಯಾರಾದ ದಿನಾಂಕ ಇರಬೇಕು. ಬರೀ "ನೈಸರ್ಗಿಕ ಬೇರು ಬೂಸ್ಟರ್" ಎಂದು ಬರೆದು, ಒಳಗೇನಿದೆ ಎಂದು ಹೇಳದಿದ್ದರೆ ವಾಪಸ್ ಇಡಿ.

ಶೇಕಡಾ ಲೆಕ್ಕ ಸುಲಭ. 0.1 ಅಂದರೆ 1000 ಪಿಪಿಎಂ, ಹತ್ತು ಲಕ್ಷದಲ್ಲಿ 1000 ಭಾಗ. ಎಳೆಯ, ಹಸಿರು ಕಡ್ಡಿಗೆ. 0.3 ಅಂದರೆ 3000. ದಾಸವಾಳದಂಥ ಅರೆಬಲಿತ ಕಡ್ಡಿಗೆ. 0.8 ಅಂದರೆ 8000. ಪೂರ್ತಿ ಬಲಿತ ಗಟ್ಟಿ ಕಡ್ಡಿಗೆ. ಮೂರೂ ಬೇಕಿಲ್ಲ. ಮನೆಗೆ 0.3ರ ಒಂದು ಪುಟ್ಟ ಡಬ್ಬಿ ಸಾಕು.

ಇಲ್ಲೊಂದು ಗೊಂದಲ ಆಗಾಗ ಆಗುತ್ತದೆ. ಹೂ, ಕಾಯಿ ಉದುರದಂತೆ ಸಿಂಪಡಿಸಲು ಗೊಬ್ಬರದ ಅಂಗಡಿಯಲ್ಲಿ ಸಿಗುವ ಎನ್‌ಎಎ ದ್ರಾವಣ ಶೇ 4.5ರದ್ದು. ಅದೂ ಬೇರು ಬರಿಸುವ ಜಾತಿಯದೇ ಹಾರ್ಮೋನ್, ನಿಜ. ಆದರೆ 45,000 ಪಿಪಿಎಂ! ಅದನ್ನು ಹಾಗೇ ಕಡ್ಡಿಗೆ ಹಚ್ಚಿದರೆ ಕಡ್ಡಿ ಸುಟ್ಟುಹೋಗುತ್ತದೆ. ಈ ಗುಂಪಿನ ಹಾರ್ಮೋನ್‌ಗಳು ಹೆಚ್ಚಾದರೆ ಗಿಡ ಕೊಲ್ಲುತ್ತವೆ. ಕಳೆನಾಶಕ 2,4-ಡಿ ಕೆಲಸ ಮಾಡುವುದೇ ಹಾಗೆ.

ಹಂತ 3: ಕುಂಡ ಮೊದಲು, ಕಡ್ಡಿ ಆಮೇಲೆ

ಅರ್ಧ ಕೋಕೋಪೀಟ್, ಅರ್ಧ ದಪ್ಪ ಮರಳು. ಅಷ್ಟೇ. ಗೊಬ್ಬರ ಬೇಡ, ಎರೆಗೊಬ್ಬರವೂ ಬೇಡ, ಬೇವಿನ ಹಿಂಡಿಯಂತೂ ಬೇಡವೇ ಬೇಡ. ಕಡ್ಡಿಯ ಗಾಯಕ್ಕೆ ಆಹಾರ ಬೇಕಿಲ್ಲ. ತೇವ ಮತ್ತು ಗಾಳಿ ಎರಡೂ ಒಟ್ಟಿಗೆ ಬೇಕು. ತೋಟದ ಕೆಂಪು ಮಣ್ಣನ್ನೇ ತುಂಬಿದರೆ ಮಳೆಯಲ್ಲಿ ಅದು ಗಾರೆಯಂತೆ ಅಂಟಿಕೊಂಡು ಗಾಳಿಯಾಡುವುದು ನಿಲ್ಲುತ್ತದೆ. ಬುಡ ಕೊಳೆಯುತ್ತದೆ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಮರಳಿನ ಬದಲು ಎಂ-ಸ್ಯಾಂಡ್ ಹಾಕುವವರು ಅದನ್ನು ಚೆನ್ನಾಗಿ ತೊಳೆಯಲೇಬೇಕು. ಅದರಲ್ಲಿರುವ ನುಣ್ಣನೆಯ ಪುಡಿ ಒಣಗಿದಾಗ ಹೆಪ್ಪುಗಟ್ಟುತ್ತದೆ.

ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದೆರಡು ಹನಿ ಇಳಿದರೆ ಹದ. ಧಾರೆ ಸುರಿದರೆ ಒದ್ದೆ ಜಾಸ್ತಿ. ಕುಂಡಕ್ಕೆ ತುಂಬಿ, ಕೋಲಿನಿಂದ ತೂತು ಮಾಡಿಟ್ಟುಕೊಳ್ಳಿ. ಈ ತೂತು ಯಾಕೆ ಎಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 4: ಕಡ್ಡಿ ಕತ್ತರಿಸುವುದು

ಬೆಳಗ್ಗೆ ಬಿಸಿಲೇರುವ ಮುನ್ನ ಕತ್ತರಿಸಿ. ಹಿಂದಿನ ದಿನ ತಾಯಿಗಿಡಕ್ಕೆ ನೀರು ಕೊಟ್ಟಿರಿ. ಹೂ, ಮೊಗ್ಗು ತುಂಬಿರುವ ರೆಂಬೆ ಬೇಡ. ಪೆನ್ಸಿಲ್ ದಪ್ಪದ, ಬಗ್ಗಿಸಿದರೆ ಪಟ್ಟನೆ ಮುರಿಯದೆ ಸ್ವಲ್ಪ ಬಾಗುವ ಕಡ್ಡಿ ದಾಸವಾಳಕ್ಕೆ ಸರಿ. 15ರಿಂದ 20 ಸೆಂಟಿಮೀಟರ್ ಉದ್ದ ಸಾಕು. ಮೊಳದುದ್ದದ ಕಡ್ಡಿ ನೆಟ್ಟರೆ ಬೇಗ ಗಿಡವಾಗುತ್ತದೆ ಅನ್ನುವುದು ಸುಳ್ಳು. ಅದು ಬೇಗ ಒಣಗುತ್ತದೆ, ಅಷ್ಟೇ.

ಕೆಳಗಿನ ಕಡಿತ ಗಿಣ್ಣಿನ ಸ್ವಲ್ಪವೇ ಕೆಳಗೆ, ಓರೆಯಾಗಿ ಇರಲಿ. ಮೇಲಿನ ಕಡಿತ ನೇರ. ಹೀಗೆ ಮಾಡಿದರೆ ಯಾವುದು ತಲೆ ಯಾವುದು ಕಾಲು ಎಂದು ಮರೆಯುವುದಿಲ್ಲ. ನಗಬೇಡಿ, ತಲೆಕೆಳಗಾಗಿ ನೆಟ್ಟವರು ಬೇಕಾದಷ್ಟು ಜನ ಇದ್ದಾರೆ. ನಾನೂ ನೆಟ್ಟಿದ್ದೇನೆ.

ಕೆಳಗಿನ ಎಲೆಗಳನ್ನು ತೆಗೆಯಿರಿ. ತುದಿಯಲ್ಲಿ ಎರಡು ಎಲೆ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಿ. ಪೂರ್ತಿ ಬೋಳಿಸಬೇಡಿ. ಬೇರು ಬರಿಸುವ ಆಕ್ಸಿನ್ ಎಂಬ ಹಾರ್ಮೋನನ್ನು ಗಿಡ ತಾನೇ ಮಾಡಿಕೊಳ್ಳುತ್ತದೆ. ಅದು ಹುಟ್ಟುವುದು ಕುಡಿ, ಎಳೆ ಎಲೆಗಳಲ್ಲಿ. ಅಲ್ಲಿಂದ ಕೆಳಗಿಳಿದು ಕತ್ತರಿಸಿದ ತುದಿಯ ಬಳಿ ಸೇರಿ ಬೇರು ಹುಟ್ಟಿಸುತ್ತದೆ. ಅಂಗಡಿಯ ಐಬಿಎ ಮಾಡುವುದು ಇದೇ ಕೆಲಸಕ್ಕೆ ಸ್ವಲ್ಪ ಕೈ ಸೇರಿಸುವುದು. ಕಡ್ಡಿಯಲ್ಲೇ ಕಸುವಿಲ್ಲದಿದ್ದರೆ ಅದೇನೂ ಮಾಡಲಾರದು.

ದೇವಕಣಗಿಲೆಯಂಥ ಹಾಲು ಸುರಿಸುವ ಗಿಡಗಳದ್ದು ಬೇರೆ ದಾರಿ. ಅವನ್ನು ನೆರಳಲ್ಲಿ ಒಂದು ವಾರ ಒಣಗಿಸಿ, ಗಾಯ ಗಟ್ಟಿಯಾದ ಮೇಲೆಯೇ ನೆಡಬೇಕು.

ಹಂತ 5: ಪುಡಿ ಹಚ್ಚುವುದು, ಅರ್ಧಕ್ಕೆ ಮಾತ್ರ

ಒಂದೇ ಗಿಡದಿಂದ ಒಂದೇ ದಪ್ಪದ 12 ಕಡ್ಡಿ ಮಾಡಿಕೊಳ್ಳಿ. 6ಕ್ಕೆ ಪುಡಿ, 6 ಸಾದಾ. ಐಸ್‌ಕ್ರೀಂ ಕಡ್ಡಿಯ ಮೇಲೆ ದಿನಾಂಕದ ಜೊತೆ "ಪು", "ಸಾ" ಎಂದು ಬರೆದು ಸಿಕ್ಕಿಸಿ. ಇಷ್ಟು ಮಾಡದೆ "ಪುಡಿ ಹಾಕಿದೆ, ಬಂತು" ಅಂದರೆ ಅದು ಲೆಕ್ಕಕ್ಕಿಲ್ಲ. ಹಾಕದಿದ್ದರೂ ಬರುತ್ತಿತ್ತೇನೋ, ಯಾರಿಗೆ ಗೊತ್ತು?

ಪುಡಿಯನ್ನು ಒಂದು ಚಿಟಿಕೆ ಕಾಗದದ ಮೇಲೆ ಹಾಕಿಕೊಳ್ಳಿ. ಡಬ್ಬಿಯೊಳಗೇ ಕಡ್ಡಿ ಅದ್ದಬೇಡಿ. ಒದ್ದೆ, ಕೊಳೆ ಸೇರಿ ಉಳಿದ ಪುಡಿ ಕೆಡುತ್ತದೆ. ಕಡ್ಡಿಯ ತುದಿ ಸ್ವಲ್ಪ ತೇವ ಇರಲಿ. ಕೆಳಗಿನ 2 ಸೆಂಟಿಮೀಟರ್‌ಗೆ ಪುಡಿ ತಾಗಿಸಿ, ಬೆರಳಿನಿಂದ ತಟ್ಟಿ ಹೆಚ್ಚಿನದನ್ನು ಉದುರಿಸಿ. ವಿಭೂತಿ ಬಳಿದಂತೆ ಬಳಿಯಬೇಡಿ. ತೆಳುವಾದ ಲೇಪ ಸಾಕು. ಆಮೇಲೆ, ಮೊದಲೇ ಮಾಡಿಟ್ಟ ತೂತಿಗೆ ಇಳಿಸಿ. ಮಣ್ಣಿಗೆ ನೇರ ಚುಚ್ಚಿದರೆ ಹಚ್ಚಿದ್ದೆಲ್ಲ ಮೇಲೆಯೇ ಉಜ್ಜಿಹೋಗುತ್ತದೆ.

ಕೆಲವರು ಪುಡಿಯನ್ನು ನೀರಲ್ಲಿ ಕದಡಿ ಕಡ್ಡಿ ನೆನೆಸುತ್ತಾರೆ. ಐಬಿಎ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಪುಡಿ ಕೊಂಡರೆ ಪುಡಿಯಂತೆಯೇ ಬಳಸಿ.

ಅಡುಗೆಮನೆ ಮದ್ದುಗಳ ಕಥೆ

ಇದನ್ನು ನಡುವೆ ಹೇಳದಿದ್ದರೆ ನೀವು ಬಿಡುವುದಿಲ್ಲ.

ದಾಲ್ಚಿನ್ನಿ ಪುಡಿಯಲ್ಲಿ ಬೇರು ಬರಿಸುವ ಗುಣ ಇಲ್ಲ. ಶಿಲೀಂಧ್ರವನ್ನು ಸ್ವಲ್ಪ ತಡೆಯುತ್ತದೆ. ಅರಿಸಿನವನ್ನೂ ಜನ ಅದಕ್ಕೇ ಹಚ್ಚುತ್ತಾರೆ. ಜೇನುತುಪ್ಪ ಗಟ್ಟಿಯಾಗಿದ್ದಾಗ ಕೀಟಾಣು ತಡೆಯುತ್ತದೆ. ನೀರಲ್ಲಿ ತೆಳ್ಳಗಾದರೆ ಬರೀ ಸಕ್ಕರೆ ನೀರು, ಬೂಷ್ಟಿಗೆ ಔತಣ. ಲೋಳೆಸರ ಹಚ್ಚಿದರೆ ಕೇಡಿಲ್ಲ, ಆದರೆ ಐಬಿಎಗೆ ಬದಲಿ ಎಂದು ನಂಬಬೇಡಿ.

ಎಳನೀರಿನ ವಿಷಯ ಮಾತ್ರ ಸ್ವಾರಸ್ಯ. "ಎಳನೀರಲ್ಲಿ ಹಾರ್ಮೋನ್ ಇದೆ" ಎಂಬುದು ನಿಜವೇ. ಆರ್ಕಿಡ್‌ನಂಥ ಗಿಡಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವವರು ಎಳನೀರು ಬಳಸುತ್ತಾರೆ. ಆದರೆ ಅದರಲ್ಲಿ ಹೆಸರುವಾಸಿಯಾದದ್ದು ಸೈಟೋಕೈನಿನ್ ಎಂಬ ಬೇರೆ ಹಾರ್ಮೋನ್. ಅದು ಚಿಗುರು ಒಡೆಸುತ್ತದೆ, ಬೇರಿಗೆ ಅಡ್ಡ ಬರುತ್ತದೆ. ಜೊತೆಗೆ ಸಕ್ಕರೆ ಬೇರೆ. ಆದ್ದರಿಂದ ಎಳನೀರು ನೀವೇ ಕುಡಿಯಿರಿ.

ವಿಟಮಿನ್ ಬಿ-1 ಕೂಡ ಇಂಥದ್ದೇ. ಗಾಜಿನ ತಟ್ಟೆಯಲ್ಲಿ ಎಲೆಯಿಲ್ಲದೆ ಬರೀ ಬೇರಿನ ತುದಿ ಬೆಳೆಸುವಾಗ ಅದು ಬೇಕಾಗುತ್ತದೆ. ಎಲೆ ಇರುವ ಗಿಡ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕೆ ತಜ್ಞೆ ಲಿಂಡಾ ಚಾಕರ್-ಸ್ಕಾಟ್ ಇದನ್ನು ತೋಟದ ಕಟ್ಟುಕಥೆಗಳ ಸಾಲಿಗೇ ಸೇರಿಸಿದ್ದಾರೆ. ಮಾತ್ರೆ ಪುಡಿ ಮಾಡಿ ಕುಂಡಕ್ಕೆ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಪಂಚಗವ್ಯ, ಜೀವಾಮೃತ, ಅಕ್ಕಿ ತೊಳೆದ ನೀರು, ಮಜ್ಜಿಗೆ: ಬೇರಿಲ್ಲದ ಕಡ್ಡಿಗೆ ಒಂದೂ ಬೇಡ. ಹಸಿ ಗಾಯದ ಸುತ್ತ ಹುಳಿ ಬರುವ ಪದಾರ್ಥ ಸುರಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ಹಂತ 6: ಮುಚ್ಚಿ, ನೆರಳಿಗಿಟ್ಟು, ಸುಮ್ನೆ ಬಿಡಿ

ಕಡ್ಡಿಯ ಎರಡು ಗಿಣ್ಣು ಒಳಗೆ ಹೋಗುವಂತೆ ನೆಟ್ಟು, ಬುಡ ಒತ್ತಿ, ಒಮ್ಮೆ ನೀರು ಹಾಕಿ. ಮೇಲೆ ಬಾಟಲಿಯನ್ನು ಕತ್ತರಿಸಿದ ಬದಿ ಕೆಳಗಾಗಿ ಮುಚ್ಚಿ. ಮುಚ್ಚಳ ತೆಗೆದಿರಲಿ, ಇಲ್ಲದಿದ್ದರೆ ಒಳಗೆ ಬೂಷ್ಟು ಕಟ್ಟುತ್ತದೆ. ಬೆಳಕು ಬೇಕು, ನೇರ ಬಿಸಿಲು ಬೇಡ. ಬಾಟಲಿ ಮುಚ್ಚಿ ಬಿಸಿಲಿಗಿಟ್ಟರೆ ಕಡ್ಡಿ ಒಳಗೇ ಬೆಂದುಹೋಗುತ್ತದೆ.

ಮೈಸೂರು, ಬೆಂಗಳೂರು ಕಡೆ ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಮಲೆನಾಡು, ಕರಾವಳಿಯ ಆಷಾಢದ ಮಳೆಗೆ ತೆರೆದಿಡಬೇಡಿ, ಸೂರಿನ ಕೆಳಗಿಡಿ. ಬಾಟಲಿಯ ಅಗತ್ಯವೂ ಅಲ್ಲಿ ಬರುವುದಿಲ್ಲ. ಕಲಬುರಗಿಯ ಏಪ್ರಿಲ್‌ನಲ್ಲಿ ಯಾವ ಪುಡಿ ಹಚ್ಚಿದರೂ ಕಷ್ಟ.

ನೀರು ದಿನಕ್ಕೆ ಇಷ್ಟು ಸಲ ಎಂಬ ಲೆಕ್ಕ ಇಲ್ಲ. ಬೆರಳು ಒಂದು ಗೆರೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ಕೊಡಿ.

ಮುಖ್ಯವಾಗಿ, ಕಿತ್ತು ನೋಡಬೇಡಿ. ಮೊದಲು ಹುಟ್ಟುವ ಬೇರುಗಳು ಶಾವಿಗೆಯಷ್ಟು ಮೆತ್ತಗೆ ಇರುತ್ತವೆ. ಬೋಗನ್‌ವಿಲ್ಲಾದ ಬೇರಂತೂ ಮುಟ್ಟಿದರೆ ಮುರಿಯುತ್ತದೆ.

ಹಂತ 7: ಚಿಗುರು ನೋಡಿ ಮೋಸ ಹೋಗಬೇಡಿ

ಶುರುವಿನಲ್ಲಿ ಹೇಳಿದ ದೂರಿಗೆ ಉತ್ತರ ಇಲ್ಲಿದೆ. ಎರಡು ವಾರಕ್ಕೆ ಬರುವ ಚಿಗುರು ಬೇರಿನ ಗುರುತಲ್ಲ. ಕಡ್ಡಿಯೊಳಗೆ ಕೂಡಿಟ್ಟ ಪಿಷ್ಟ ಮತ್ತು ನೀರಿನ ಬಲದಿಂದ ಮೊಗ್ಗು ಒಡೆಯುತ್ತದೆ. ಗೋಣಿಯಲ್ಲಿಟ್ಟ ಆಲೂಗಡ್ಡೆ ಮೊಳಕೆ ಒಡೆಯುವುದಿಲ್ಲವೇ, ಹಾಗೆ. ಈ ಕೂಡಿಟ್ಟ ಗಂಟು ಖಾಲಿಯಾಗುವ ಮುನ್ನ ಬೇರು ಬಂದರೆ ಕಡ್ಡಿ ಬದುಕುತ್ತದೆ. ಬರದಿದ್ದರೆ ಮೂರ್ನಾಲ್ಕು ವಾರಕ್ಕೆ ಚಿಗುರು ಬಾಡಿ ಕಡ್ಡಿ ಕಪ್ಪಾಗುತ್ತದೆ.

ಟಾನಿಕ್‌ಗಳಿಗೆ ಹೆಸರು ಬರುವುದೂ ಈ ಚಿಗುರಿನಿಂದಲೇ. ಹತ್ತನೇ ದಿನ ಏನೋ ಒಂದು ದ್ರಾವಣ ಹಾಕುತ್ತೇವೆ. ಹದಿನೈದನೇ ದಿನ ಚಿಗುರು ಕಾಣುತ್ತದೆ. ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತೇವೆ. ಮೂವತ್ತೈದನೇ ದಿನದ ಫೋಟೋ ಯಾರೂ ಕಳಿಸುವುದಿಲ್ಲ.

ಚಿಗುರು ಬಂತೆಂದು ಖುಷಿಯಲ್ಲಿ ಬಿಸಿಲಿಗಿಡುವುದು, ಗೊಬ್ಬರ ಹಾಕುವುದು ಎರಡೂ ತಪ್ಪು. ದಾಸವಾಳ, ಕ್ರೋಟನ್‌ಗೆ 4ರಿಂದ 6 ವಾರ, ಗುಲಾಬಿ, ಬೋಗನ್‌ವಿಲ್ಲಾಗೆ 6ರಿಂದ 8 ವಾರ ಬಿಡಿ. ಅಷ್ಟರಲ್ಲಿ ಈ ಗುರುತುಗಳನ್ನು ಗಮನಿಸಿ:

- ಬುಡ ಕಪ್ಪಾಗಿ ಮೆತ್ತಗಾಗಿದೆ, ವಾಸನೆ ಬರುತ್ತಿದೆ: ನೀರು ಜಾಸ್ತಿ. ಆ ಕಡ್ಡಿ ತೆಗೆದುಹಾಕಿ, ಮಿಶ್ರಣವನ್ನೂ ಬದಲಿಸಿ.
- ಸಿಪ್ಪೆ ಸುಕ್ಕುಗಟ್ಟಿದೆ: ಒಣಗುತ್ತಿದೆ. ಬಾಟಲಿ ಮುಚ್ಚಿ.
- ಬುಡದಲ್ಲಿ ಗಂಟು ಊದಿಕೊಂಡಿದೆ ಅಥವಾ ಕಂದಿದೆ, ಮೊಗ್ಗು ಒಡೆಯುತ್ತಲೇ ಇಲ್ಲ: ಪುಡಿ ಹೆಚ್ಚಾಗಿದೆ. ಮುಂದಿನ ಸಲ ಕಡಿಮೆ ಶೇಕಡಾದ್ದು ಹಚ್ಚಿ.
- ಚಿಗುರು ಬಾಡದೆ ನಿಂತಿದೆ, ಹೊಸ ಎಲೆ ದೊಡ್ಡದಾಗುತ್ತಿದೆ, ಮೆಲ್ಲಗೆ ಎಳೆದರೆ ಕಡ್ಡಿ ಬಿಗಿಯಾಗಿದೆ: ಬೇರು ಬಂದಿದೆ.

ಆರು ವಾರ ಆದ ಮೇಲೆ ಎರಡೂ ಗುಂಪಿನವನ್ನು ಒಂದೊಂದಾಗಿ ನೀರಲ್ಲಿ ಅದ್ದಿ, ಮಿಶ್ರಣ ಬಿಡಿಸಿ, ಬೇರು ಎಣಿಸಿ. ಗಟ್ಟಿ ಕಡ್ಡಿಯವಾದರೆ ಎಂಟನೇ ವಾರದವರೆಗೆ ತಡೆಯಿರಿ. ಪುಡಿಯಲ್ಲಿ 5, ಸಾದಾದಲ್ಲಿ 4 ಬಂದರೆ ವ್ಯತ್ಯಾಸ ಇಲ್ಲ ಎಂದೇ ತಿಳಿಯಿರಿ. 5 ಮತ್ತು 1 ಬಂದರೆ ಆ ಗಿಡಕ್ಕೆ ಪುಡಿ ಕೆಲಸ ಮಾಡಿರಬಹುದು. ಇನ್ನೊಮ್ಮೆ ಮಾಡಿದಾಗಲೂ ಹಾಗೇ ಬಂದರೆ ನಂಬಿ. ಕಡ್ಡಿಗಳ ಸಂಖ್ಯೆ ಮಾತ್ರವಲ್ಲ, ಬೇರುಗಳ ಸಂಖ್ಯೆಯನ್ನೂ ಬರೆದಿಡಿ.

ಹಂತ 8: ಬೇರು ಬಂದ ಮೇಲೆ

ಈಗ ಗೊಬ್ಬರದ ಮಾತು. ಮಣ್ಣು, ಎರೆಗೊಬ್ಬರ, ಕೋಕೋಪೀಟ್ ಸೇರಿಸಿದ ಕುಂಡಕ್ಕೆ ಬದಲಿಸಿ. ಒಂದು ವಾರ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು. ಹೊಸ ಎಲೆ ಕಂಡ ಮೇಲೆ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ರೈತರು 19 ಆಲ್ ಅನ್ನುತ್ತಾರಲ್ಲ, ಅದೇ. ಇಲ್ಲವೇ ಒಂದು ಹಿಡಿ ಎರೆಗೊಬ್ಬರ. ಎರಡರಲ್ಲಿ ಒಂದು ಸಾಕು.

ಕೋಕೋಪೀಟ್‌ನಲ್ಲಿ ಬೆಳೆಸುವವರಿಗೆ ಸೂಕ್ಷ್ಮಜೀವಿ ಗೊಬ್ಬರ ಪ್ರಯೋಜನಕ್ಕೆ ಬರಬಹುದು, ಯಾಕೆಂದರೆ ಕೋಕೋಪೀಟ್‌ನಲ್ಲಿ ತೋಟದ ಮಣ್ಣಿನ ಜೀವಿಗಳು ಇರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಇಂಥದ್ದು. ಅವಧಿ ಮುಗಿದದ್ದನ್ನು ಕೊಳ್ಳಬೇಡಿ. ಸತ್ತ ಜೀವಿಗಳಿಂದ ಏನೂ ಆಗದು.

ಹಂತ 9: ಬೆಳೆದ ಗಿಡಕ್ಕೆ ಟಾನಿಕ್ ಬಾಟಲಿ ತರುವ ಮುನ್ನ

ಹೂ ಬಿಡದ ದಾಸವಾಳಕ್ಕೆ ಮೊದಲು ಬಿಸಿಲು ಲೆಕ್ಕ ಹಾಕಿ. ಐದಾರು ಗಂಟೆ ನೇರ ಬಿಸಿಲು ಇಲ್ಲದಿದ್ದರೆ ಯಾವ ಬೂಸ್ಟರ್‌ನಿಂದಲೂ ಹೂ ತುಂಬುವುದಿಲ್ಲ. ಆಮೇಲೆ ಕುಂಡದ ತಳ ನೋಡಿ. ತೂತಿನಿಂದ ಬೇರು ಹೊರಗೆ ಇಣುಕುತ್ತಿದ್ದರೆ ಕುಂಡ ಚಿಕ್ಕದಾಗಿದೆ.

ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ ಇರಬಹುದು. ಹಳೆ ಎಲೆಯ ನರ ಹಸಿರು, ನಡುವೆ ಹಳದಿ ಆದರೆ ಮೆಗ್ನೀಸಿಯಂ. ಎಪ್ಸಮ್ ಸಾಲ್ಟ್ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಅದು ಮೆಗ್ನೀಸಿಯಂ ಸಲ್ಫೇಟ್. ಕೊರತೆ ಇಲ್ಲದ ಗಿಡಕ್ಕೆ ತಿಂಗಳು ತಿಂಗಳೂ ಹಾಕಿದರೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಹೀರಲು ಅಡ್ಡಿಯಾಗುತ್ತದೆ. ತುದಿಯ ಹೊಸ ಎಲೆ ಹಳದಿ, ನರ ಹಸಿರು ಆದರೆ ಕಬ್ಬಿಣದ ಕೊರತೆ. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ, ನೋಡಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಮಳೆ ನೀರು ಹಿಡಿದು ಹಾಕಿ, ಗಿಡ ಸುಲಭವಾಗಿ ಹೀರುವ ಚೀಲೇಟ್ ರೂಪದ ಕಬ್ಬಿಣ ಸಿಂಪಡಿಸಿ.

ಕಡಲಕಳೆ ದ್ರಾವಣದ ಬಗ್ಗೆ ನನಗೆ ಅರ್ಧ ನಂಬಿಕೆ ಇದೆ. ಗೊಬ್ಬರ ಮಾಡುವ ಸಹಕಾರಿ ಸಂಸ್ಥೆ ಇಫ್ಕೋದ ಸಾಗರಿಕಾ ಇಂಥದ್ದು. ಬಿಸಿಲು, ನೀರಿನ ಕೊರತೆಯಲ್ಲಿ ಬಳಲಿದ ಬೆಳೆಗಳಿಗೆ ಇಂಥ ದ್ರಾವಣದಿಂದ ಸಹಾಯವಾದ ಉದಾಹರಣೆಗಳಿವೆ. ಆದರೆ ಗಿಡದಿಂದ ಗಿಡಕ್ಕೆ, ಬಾಟಲಿಯಿಂದ ಬಾಟಲಿಗೆ ಫಲ ಬದಲಾಗುತ್ತದೆ. ಚೆನ್ನಾಗಿ ಗೊಬ್ಬರ, ನೀರು ಸಿಗುತ್ತಿರುವ ಕುಂಡದ ಗಿಡದಲ್ಲಿ ವ್ಯತ್ಯಾಸ ಕಾಣದಿದ್ದರೆ ಆಶ್ಚರ್ಯ ಇಲ್ಲ. ಕೊಳೆತ ಸಸ್ಯ ಪದಾರ್ಥದಲ್ಲಿರುವ ಹ್ಯೂಮಿಕ್ ಆಸಿಡ್ ಕೂಡ ಹಾಗೇ. ಬಡ ಮರಳು ಮಣ್ಣಿಗೆ ಅದರಿಂದ ಪ್ರಯೋಜನ ಇರಬಹುದು. ಎರೆಗೊಬ್ಬರ ತುಂಬಿದ ಕುಂಡದಲ್ಲಿ ಅದು ಮೊದಲೇ ಇದೆ.

ಗಿಡವನ್ನು ಚುರುಕುಗೊಳಿಸುವ ಇಂಥ ಬಯೋಸ್ಟಿಮ್ಯುಲೆಂಟ್‌ಗಳನ್ನು 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದೆ. ಎನ್‌ಎಎ, ಜಿಬ್ಬರೆಲಿನ್‌ನಂಥ ಹಾರ್ಮೋನ್‌ಗಳು ಕೀಟನಾಶಕ ಕಾಯ್ದೆಯ ಕೆಳಗೆ ಬರುತ್ತವೆ. ಅವುಗಳ ಲೇಬಲ್ ಮೇಲೆ ವಿಷದ ಮಟ್ಟ ತೋರಿಸುವ ಬಣ್ಣದ ಗುರುತು ಇರುತ್ತದೆ. ದೊಡ್ಡ ಬಾಟಲಿಯಿಂದ ಸಣ್ಣ ಸೀಸೆಗೆ ಸುರಿದು, ಲೇಬಲ್ ಇಲ್ಲದೆ ಮಾರುವುದನ್ನು ಎಷ್ಟೇ ಅಗ್ಗವಾದರೂ ತರಬೇಡಿ. ನಾನೊಮ್ಮೆ ಅಂಥ ಸೀಸೆ ತಂದು ಎರಡು ಕ್ರೋಟನ್ ಸಾಯಿಸಿದ್ದೇನೆ. ಒಳಗೆ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಬಾಟಲಿ ತಂದೇ ತಂದಿರಿ ಅನ್ನಿ. ಒಂದೇ ಗಾತ್ರದ ನಾಲ್ಕು ಕುಂಡ ಆರಿಸಿ. ಎರಡಕ್ಕೆ ಲೇಬಲ್ ಹೇಳಿದ ಅಳತೆಯಲ್ಲಿ ಟಾನಿಕ್ ಬೆರೆಸಿದ ನೀರು, ಎರಡಕ್ಕೆ ಅಷ್ಟೇ ಸಾದಾ ನೀರು. ಇದನ್ನು ಮರೆಯಬೇಡಿ. ಬಾಯಾರಿದ ಗಿಡಕ್ಕೆ ಒಂದು ಲೀಟರ್ ಟಾನಿಕ್ ನೀರು ಸುರಿದಾಗ ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಟಾನಿಕ್ಕೋ ನೀರೋ ಹೇಳುವುದು ಹೇಗೆ? ವಾರಕ್ಕೊಮ್ಮೆ ಕುಂಡಗಳ ಜಾಗ ಅದಲು ಬದಲು ಮಾಡಿ. ಎರಡು ತಿಂಗಳು ಹೊಸ ಎಲೆ, ಹೂ ಎಣಿಸಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಎಣಿಸುವ ಕೆಲಸವನ್ನು ಯಾವ ಕುಂಡಕ್ಕೆ ಏನು ಹಾಕಿದ್ದೀರಿ ಎಂದು ಗೊತ್ತಿಲ್ಲದ ಮನೆಮಂದಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ದುಡ್ಡು ಕೊಟ್ಟವರ ಕಣ್ಣಿಗೆ ಒಂದೆರಡು ಮೊಗ್ಗು ಜಾಸ್ತಿ ಕಾಣುತ್ತವೆ.

ಉಳಿದ ಹಾರ್ಮೋನ್ ಪುಡಿಯ ಮುಚ್ಚಳ ಬಿಗಿ ಮಾಡಿ, ತೆರೆದ ದಿನಾಂಕ ಬರೆದು, ಬೆಳಕು ಬೀಳದ ತಂಪು ಜಾಗದಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಫ್ರಿಜ್‌ನಲ್ಲಿಡುವುದಾದರೆ ಬೇರೆ ಡಬ್ಬಿಯೊಳಗೆ ಹಾಕಿ, ಹೆಸರು ದೊಡ್ಡದಾಗಿ ಬರೆಯಿರಿ. ಅಡುಗೆ ಸೋಡಾದ ಪಕ್ಕ ಮಾತ್ರ ಬೇಡ.